ನನ್ನ ಪೈ 48ಕ್ಕೇ ಮುಗಿಯಿತು

ಪೈ ಅಂದರೆ 22/7 ಎಂದು ನಂಬಿಕೊಂಡೇ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವನು ನಾನು. ಅದು ಎರಡೇ ದಶಮಾಂಶ ಸ್ಥಾನದವರೆಗೆ ಸರಿ ಅಂತ ಗೊತ್ತಾಗಿದ್ದು ತೀರಾ ತಡವಾಗಿ, ಅದೂ ಮಗಳ ಬಾಯಿಂದ. ಅವಳ ಪುಸ್ತಕವೊಂದರ ಕೊನೆಯ ಹಾಳೆಯಲ್ಲಿ ಪೈಯ ದಶಮಾಂಶ ಬಿಂದುವಿನ ನಂತರದ 100 ಅಂಕಿಗಳು ಅಚ್ಚಾಗಿದ್ದವು. "ಇದೇನು ಮಹಾ? ಒಂದು ಸಂಜೆ ಕೊಡು, ನಾನೇ ಲೆಕ್ಕ ಹಾಕಿ ಪಟ್ಟಿ ಕೊಡ್ತೀನಿ" ಅಂದುಬಿಟ್ಟೆ. ಆ ಒಂದು ಸಂಜೆ ಮುಗಿಯಲು ಹನ್ನೊಂದು ದಿನ ಹಿಡಿಯಿತು.

ಮೊದಲು ಆರಿಸಿಕೊಂಡದ್ದು 14ನೇ ಶತಮಾನದ ಕೇರಳದ ಗಣಿತಜ್ಞ ಮಾಧವ ಕಂಡುಕೊಂಡ ಸರಣಿ. ಯುರೋಪಿನಲ್ಲಿ ಅದಕ್ಕೆ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಹೆಸರು ಅಂಟಿಕೊಂಡಿತು. 1ರಲ್ಲಿ 1/3 ಕಳೆ, 1/5 ಕೂಡಿಸು, 1/7 ಕಳೆ, ಹೀಗೇ ಹೋಗುತ್ತಿರು. ಕೊನೆಗೆ 4ರಿಂದ ಗುಣಿಸು. ಐದು ಸಾಲಿನ ಪ್ರೋಗ್ರಾಂ. 1000 ಪದ ಕೂಡಿಸಿದಾಗ 3.140592653 ಬಂತು.

"ಅಪ್ಪಾ, ಮೂರನೇ ಅಂಕಿನೇ ತಪ್ಪು."

"ಅದರ ಮುಂದಿನ ಆರು ಸರಿ ಇದೆಯಲ್ಲ!"

ನಿಜವಾಗಿಯೂ ಸರಿ ಇತ್ತು. ಈ ಸರಣಿಯ ಗುಣವೇ ಅದು: 1000 ಪದಕ್ಕೆ ನಿಲ್ಲಿಸಿದರೆ ಉಳಿಯುವ ತಪ್ಪು ಹೆಚ್ಚುಕಡಿಮೆ 1/1000. ಹಾಗಾಗಿ ಒಂದು ಅಂಕಿ ಕೆಟ್ಟು, ಅಕ್ಕಪಕ್ಕದವು ಏನೂ ಆಗಿಲ್ಲವೆಂಬಂತೆ ನಿಂತಿರುತ್ತವೆ. 10 ಲಕ್ಷ ಪದ ಕೂಡಿಸಿದೆ. ತಪ್ಪು ಮೂರನೇ ಸ್ಥಾನದಿಂದ ಆರನೇ ಸ್ಥಾನಕ್ಕೆ ವರ್ಗವಾಯಿತು, ಅಷ್ಟೆ. ಈ ವೇಗದಲ್ಲಿ 100 ಅಂಕಿಗೆ ನನ್ನ ಆಯಸ್ಸು ಬಿಡಿ, ಸೂರ್ಯನ ಆಯಸ್ಸೂ ಸಾಲದು.

ಆಮೇಲೆ ಅಡ್ಡದಾರಿ ಹಿಡಿದೆ. ಕಂಪ್ಯೂಟರಿಗೆ ಪೈ ಹೇಗೂ ಗೊತ್ತಲ್ವಾ, 100 ಸ್ಥಾನ ತೋರಿಸು ಅಂತ ಕೇಳಿದರಾಯಿತು. ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸುರಿಯಿತು. 48 ಅಂಕಿ, ಆಮೇಲೆ ಸಾಲಾಗಿ 52 ಸೊನ್ನೆ! ಪೈ ಮುಗಿಯಿತು! ಅದು ಎಂದೂ ಮುಗಿಯದ ಸಂಖ್ಯೆ ಎಂದು 1761ರಲ್ಲೇ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದ್ದಾನೆ. ಆದರೂ ಸುಮಾರು ಒಂದು ನಿಮಿಷ ನಾನು ಅವನ ಬಗ್ಗೆ ಮರುಕಪಟ್ಟೆ ಎಂದು ಒಪ್ಪಿಕೊಳ್ಳಲೇಬೇಕು.

ವಿಷಯ ಇಷ್ಟೇ. ಕಂಪ್ಯೂಟರ್ ಸಾಮಾನ್ಯವಾಗಿ ಇಂಥ ಸಂಖ್ಯೆಯನ್ನು 53 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಮಾತ್ರ ಹಿಡಿಯುವ 53 ಮನೆಗಳಲ್ಲಿ, ಮಡಚಿ ಇಟ್ಟುಕೊಳ್ಳುತ್ತದೆ. ಹಾಗೆ ಇಟ್ಟ ಪೈ 15 ಸ್ಥಾನದವರೆಗೆ ಸರಿ. 16ರಿಂದ 48ರವರೆಗೆ ಬಂದದ್ದು ಪೈಯ ಅಂಕಿಗಳೇ ಅಲ್ಲ, ಮಡಚಿಟ್ಟ ಆ ಸಂಖ್ಯೆಯವು. ಸುಳ್ಳನ್ನೂ ಅದು ತಡವರಿಸದೆ ಹೇಳುತ್ತದೆ, ನೋಡಿ.

ಕೊನೆಗೆ 1706ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಮಾಚಿನ್ ಕೈಯಲ್ಲೇ 100 ಅಂಕಿ ತೆಗೆದ ಸೂತ್ರಕ್ಕೆ ಶರಣಾದೆ. 1/5 ಮತ್ತು 1/239ರ ಘಾತಗಳನ್ನು ಕೂಡಿ ಕಳೆಯುವ ಸೂತ್ರ. ಅದರ ಪದಗಳು ಬೇಗ ಬೇಗ ಸಣ್ಣದಾಗುತ್ತಾ ಹೋಗುತ್ತವೆ, ಹಾಗಾಗಿ ಕೆಲವೇ ಪದ ಸಾಕು. ಅಂಕಿಗಳನ್ನು ನಾಲ್ಕು ನಾಲ್ಕರ ಗುಂಪಾಗಿ ಇಟ್ಟುಕೊಂಡು ಅಚ್ಚು ಹಾಕಿಸಿದೆ. ಮಗಳು ಪೆನ್ಸಿಲ್ ಹಿಡಿದು ಎಣಿಸಿದಳು.

"ಅಪ್ಪಾ, 96 ಇದೆ."

ಮತ್ತೆ ಎಣಿಸು ಅಂದೆ. ಮತ್ತೆ 96. ಒಂದು ಸಂಜೆಯೆಲ್ಲ ಸೂತ್ರವನ್ನೇ ಅನುಮಾನಿಸಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. 65ನೇ ಸ್ಥಾನದಿಂದ ಬರುವ ಗುಂಪು 0781. ಪ್ರೋಗ್ರಾಂ ಅದನ್ನು 781 ಎಂದು ಓದಿ, ಮೊದಲಿನ ಸೊನ್ನೆಗೆ ಬೆಲೆಯಿಲ್ಲವೆಂದು ಎಸೆದಿತ್ತು. 0899, 0348, 0679 ಕೂಡ ಹಾಗೆಯೇ ತಲೆ ಕಳೆದುಕೊಂಡಿದ್ದವು.

ಆ ರಾತ್ರಿ ವಿಲಿಯಂ ಶ್ಯಾಂಕ್ಸ್ ನೆನಪಾದ. ವರ್ಷಗಟ್ಟಲೆ ಕೂತು ಕೈಯಲ್ಲೇ ಲೆಕ್ಕ ಹಾಕಿ, 1873ರಲ್ಲಿ 707 ಅಂಕಿ ಪ್ರಕಟಿಸಿದ ಇಂಗ್ಲೆಂಡಿನವ. 528ನೇ ಅಂಕಿಯಿಂದ ಎಲ್ಲವೂ ತಪ್ಪು. ಅದು ಗೊತ್ತಾಗಿದ್ದು 1940ರ ದಶಕದಲ್ಲಿ, ಫರ್ಗೂಸನ್ ಎಂಬಾತ ಬೇರೆ ಸೂತ್ರದಿಂದ ಲೆಕ್ಕ ಹಾಕಿದಾಗ. ಅಷ್ಟರಲ್ಲಿ ಪ್ಯಾರಿಸ್ಸಿನ ವಿಜ್ಞಾನ ವಸ್ತುಸಂಗ್ರಹಾಲಯವೊಂದು ಆ ಅಂಕಿಗಳನ್ನು ದುಂಡನೆಯ ಕೋಣೆಯ ಸುತ್ತ ದೊಡ್ಡದಾಗಿ ಜೋಡಿಸಿಯೂ ಆಗಿತ್ತು. 1949ರಲ್ಲಿ ತಿದ್ದಿದರು. ಶ್ಯಾಂಕ್ಸ್ ಪುಣ್ಯವಂತ, ಅದನ್ನೆಲ್ಲ ನೋಡಲು ಅವನು ಇರಲಿಲ್ಲ. ನನ್ನ ಫರ್ಗೂಸನ್ ಮಾತ್ರ ಪೆನ್ಸಿಲ್ ಹಿಡಿದು ಪಕ್ಕದ ಕೋಣೆಯಲ್ಲೇ ಮಲಗಿದ್ದಾಳೆ.

ಸೊನ್ನೆಗಳನ್ನು ಕರೆತಂದು ಕೂರಿಸಿದೆ. ಈಗ 100 ಅಂಕಿ ಬಂತು, ಆದರೆ ಕೊನೆಯ ಎರಡು ಪುಸ್ತಕದ ಹಾಗಿಲ್ಲ. ಪ್ರತಿ ಭಾಗಾಕಾರದಲ್ಲೂ ಉಳಿದ ಚೂರನ್ನು ಕತ್ತರಿಸಿ ಬಿಸಾಡಿದ್ದೆ. ಆ ಚೂರುಗಳೆಲ್ಲ ಒಟ್ಟಾಗಿ ಬಾಲದಲ್ಲಿ ಸೇಡು ತೀರಿಸಿಕೊಂಡಿದ್ದವು. ಇದಕ್ಕೆ ತಿಳಿದವರು ಮಾಡುವ ಉಪಾಯವೆಂದರೆ ಹತ್ತು ಅಂಕಿ ಜಾಸ್ತಿ ಲೆಕ್ಕ ಹಾಕಿ, ಸುಮ್ನೆ ಆ ಹತ್ತನ್ನು ತೋರಿಸದೆ ಇರುವುದು. ನಾನೂ ಹಾಗೇ ಮಾಡಿದೆ. ತಪ್ಪು ಹೋಗಿಲ್ಲ, 110ರ ಹತ್ತಿರ ಎಲ್ಲೋ ಕೂತಿದೆ.

ಮಗಳು ಒಂದೊಂದಾಗಿ ಟಿಕ್ ಹಾಕುತ್ತಾ ಬಂದಳು. ನೂರೂ ಸರಿ. ಪೆನ್ಸಿಲ್ ಕೆಳಗಿಟ್ಟು ತಲೆ ಎತ್ತಿದಳು.

"101ನೇದು ಯಾವುದು?"

"8," ಅಂದೆ, ಧೈರ್ಯವಾಗಿ. ಅವಳ ಪುಸ್ತಕ ನೂರಕ್ಕೇ ಮುಗಿದಿತ್ತು.