ಯಾವುದು ಆನ್, ಯಾವುದು ಆಫ್?

ತೀರ್ಥಹಳ್ಳಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೊಸ ಸಂಗತಿಯೇನಲ್ಲ. ಆದರೆ ಬಂದ ಮೇಲೆ ನಮ್ಮ ಮನೆಯ ಟಿವಿ, ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್‌ಗಳ ಪೈಕಿ ಯಾವುದು ಆನ್ ಆಗಿದೆ, ಯಾವುದು ಆಫ್ ಆಗಿದೆ ಎಂಬುದು ಅವುಗಳನ್ನು ನಿಯಂತ್ರಿಸಬೇಕಾದ ಪೆಟ್ಟಿಗೆಗೇ ತಿಳಿಯದಿರುವುದು ಸಹಿಸಲಾಗದ ಕಿರಿಕಿರಿ. ಜೋಡಿಸಿಕೊಟ್ಟವರು ಪ್ರತಿ ಉಪಕರಣದ ಮುಂದೆ ರಿಮೋಟಿನ ಮೂತಿಯಲ್ಲಿರುವಂಥ ಇನ್‌ಫ್ರಾರೆಡ್ ಎಲ್‌ಇಡಿಯೊಂದನ್ನು ಅಂಟಿಸಿ ಹೋಗಿದ್ದಾರೆ. ಅದು ಆಜ್ಞೆಯನ್ನು ಕಳುಹಿಸುತ್ತದೆಯೇ ಹೊರತು ಉತ್ತರವನ್ನು ತರುವುದಿಲ್ಲ. ಆನ್‌ಗೂ ಆಫ್‌ಗೂ ಸಂಕೇತ ಒಂದೇ ಆಗಿರುವುದರಿಂದ, ಗುಂಡಿಯೊತ್ತಿದರೆ ಆಂಪ್ಲಿಫೈಯರ್ ಏಳುತ್ತದೆ, ಟಿವಿ ಮಲಗುತ್ತದೆ. ಇತ್ತ ಆಂಪ್ಲಿಫೈಯರಿನ ಬೆನ್ನಿನಲ್ಲಿ 12 ವೋಲ್ಟ್ ಟ್ರಿಗರ್‌ನ (ತಂತಿಯ ಮೂಲಕ ಬರುವ ಆನ್-ಆಫ್ ಸೂಚನೆಯ) 3.5 ಮಿಲಿಮೀಟರ್ ಜ್ಯಾಕ್ ದೂಳು ತಿನ್ನುತ್ತಾ ಕುಳಿತಿದೆ: ವೋಲ್ಟೇಜ್ ಬಂದರೆ ಆನ್, ನಿಂತರೆ ಆಫ್, ಗೊಂದಲಕ್ಕೆ ಎಡೆಯೇ ಇಲ್ಲ. ಟಿವಿಯ ಸ್ಥಿತಿಯನ್ನು ಎಚ್‌ಡಿಎಂಐ ಕೇಬಲ್ಲಿನ 13ನೇ ಪಿನ್ನಿನಲ್ಲಿ, ಉಪಕರಣಗಳು ಪರಸ್ಪರ ಮಾತಾಡಿಕೊಳ್ಳುವ ಸಿಇಸಿ ಮಾರ್ಗದಲ್ಲಿಯೇ ಕೇಳಿ ತಿಳಿಯಬಹುದು (ತಯಾರಕರು ಅದನ್ನು ಸೆಟ್ಟಿಂಗ್ಸ್‌ನ ಪಾತಾಳದಲ್ಲಿ ಹೂತಿಡದಿದ್ದರೆ). ಗೋಡೆಯಲ್ಲಿ ಪೈಪು ಹಾಕುವಾಗಲೇ ಆ ಟ್ರಿಗರ್‌ಗೆಂದು ಒಂದು ಜೊತೆ ತಂತಿಯನ್ನು ಹೆಚ್ಚಿಗೆ ಎಳೆಯಿರಿ ಎಂದು ಕೇಳಿಕೊಂಡಾಗ ಬಂದ ಉತ್ತರ, "ಅದೆಲ್ಲ ಎಂತಕ್ಕೆ ಸಾರ್, ರಿಮೋಟ್ ಇದೆಯಲ್ಲ!" ಈಗ ಆ ಒಂದು ಜೊತೆ ತಂತಿಗಾಗಿ ಗಿಲಾವು ಒಡೆಸಬೇಕು, ಅದೂ ಗೋಡೆಯ ತೇವ ಆರುವ ತನಕ ಸಾಧ್ಯವಿಲ್ಲ.