ಅವನಿಗೆ ಸಿಂಹ, ನನಗೆ ಹಸು

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ. 1932ರ ಹಾಲಿವುಡ್ ಹಾಸ್ಯಚಿತ್ರ ‘ದಿ ಹಾಫ್ ನೇಕೆಡ್ ಟ್ರೂತ್’ ಹಾಕಿಕೊಂಡು ಕೂತೆ. ಹೆಂಡತಿ ಒಮ್ಮೆ ಸಿನಿಮಾದ ಹೆಸರು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. “ಗ್ರೆಗರಿ ಲಾ ಕಾವಾ ಅಂತ ಒಳ್ಳೇ ನಿರ್ದೇಶಕ ಕಣೇ” ಅಂದೆ. ನಂಬಲಿಲ್ಲ. ಅಲ್ಲೇ ಕುರ್ಚಿ ಎಳೆದುಕೊಂಡು ಕಾವಲು ಕೂತಳು.

ಕಥೆ ಇಷ್ಟೇ. ಜಾತ್ರೆಯಲ್ಲಿ ಕೂಗಿ ಕೂಗಿ ಜನ ಸೇರಿಸುವ ಒಬ್ಬ ಮಾತಿನಮಲ್ಲ. ಪಾತ್ರಧಾರಿ ಲೀ ಟ್ರೇಸಿ. ಅವನು ಮಾತಾಡುವ ಸ್ಪೀಡಿಗೆ ಸಬ್‌ಟೈಟಲ್ಲಿಗೇ ಏದುಸಿರು ಬರುತ್ತದೆ. ಕುಣಿಯುವ ಹುಡುಗಿ ಲೂಪೆ ವೆಲೆಝ್‌ಳನ್ನು ನ್ಯೂಯಾರ್ಕಿಗೆ ಕರೆತಂದು, ಇವಳು ಟರ್ಕಿಯ ರಾಜಕುಮಾರಿ ಅಂತ ಬುರುಡೆ ಬಿಡುತ್ತಾನೆ. ಹೋಟೆಲ್ ರೂಮಿಗೆ ಒಂದು ಸಿಂಹ ಬೇರೆ!

ಆ ಸಿಂಹ ಮಾತ್ರ ಬುರುಡೆಯಲ್ಲ. ಹ್ಯಾರಿ ರೈಕೆನ್‌ಬಾಕ್ ಎಂಬ ಪ್ರಚಾರದ ಆಸಾಮಿಯ ನೆನಪುಗಳೇ ಈ ಚಿತ್ರಕ್ಕೆ ಮೂಲ. 1920ರಲ್ಲಿ ನ್ಯೂಯಾರ್ಕಿನ ಬೆಲ್‌ಕ್ಲೇರ್ ಹೋಟೆಲಿಗೆ ಟಿ. ಆರ್. ಝಾನ್ ಎಂಬ ಗಿರಾಕಿ ಬಂದ. ಅವನ ಹಿಂದೆಯೇ ಪಿಯಾನೋದ ದೊಡ್ಡ ಪೆಟ್ಟಿಗೆ ರೂಮಿಗೆ ಏರಿತು. ಆಮೇಲೆ ಊಟಕ್ಕೆ ಆರ್ಡರ್: 15 ಪೌಂಡ್ ಹಸಿ ಮಾಂಸ. ಪಿಯಾನೋ ಎಲ್ಲಾದರೂ ಮಾಂಸ ತಿನ್ನುತ್ತದಾ? ಪೊಲೀಸರು ಬಂದರು, ಪೇಪರಿನವರು ಬಂದರು. ಗಿರಾಕಿಯ ಹೆಸರನ್ನು ಕೂಡಿಸಿ ಓದಿದರೆ ಟಾರ್ಝನ್. ಟಾರ್ಝನ್‌ನ ಸಿನಿಮಾವೊಂದು ಬಿಡುಗಡೆಗೆ ಕಾದಿತ್ತು! ಇದೆಲ್ಲ ರೈಕೆನ್‌ಬಾಕ್‌ನ ಕೈಚಳಕ. ಅದೇ ವರ್ಷ ಇನ್ನೊಂದು ಚಿತ್ರಕ್ಕಾಗಿ, ಕಾಣೆಯಾದ ಟರ್ಕಿ ಹುಡುಗಿಯನ್ನು ಊರೆಲ್ಲ ಹುಡುಕಿಸುವ ನಾಟಕವನ್ನೂ ಆಡಿದ.

ಈ ಹುಡುಕಾಟದ ಐಡಿಯಾ ನನಗೂ ಹೊಳೆದಿತ್ತು. ರೈಕೆನ್‌ಬಾಕ್ ಯಾರು ಅಂತಲೇ ಗೊತ್ತಿಲ್ಲದ ಕಾಲದಲ್ಲಿ, ಸ್ವಂತ ಬುದ್ಧಿಯಿಂದ.

ಕಾಲೇಜಿನ ದಿನಗಳು. ನಮ್ಮ ನಾಟಕದ ಟಿಕೆಟ್ ಒಂದೂ ಹೋಗುತ್ತಿರಲಿಲ್ಲ. ಪ್ರಚಾರ ನನ್ನ ಪಾಲು. ದುರ್ಯೋಧನನ ಪಾತ್ರದ ಗೆಳೆಯನ ಫೋಟೋ ಹಾಕಿ ‘ಕಾಣೆಯಾಗಿದ್ದಾನೆ’ ಅಂತ ದಪ್ಪಕ್ಷರದಲ್ಲಿ ಬರೆದೆ. ಕೆಳಗೆ ‘ಹುಡುಕಲು ಭಾನುವಾರ ಸಂಜೆ ಆರಕ್ಕೆ ನಾಟಕಕ್ಕೆ ಬನ್ನಿ’. ರಾತ್ರಿಯೆಲ್ಲ ಮೈದಾ ಕುದಿಸಿ, ಗೋಡೆಗೋಡೆಗೂ ಅಂಟಿಸಿದೆವು.

ಮೈದಾ ಅಂಟು ಅಂದರೆ ಬೀದಿ ಹಸುಗಳಿಗೆ ಪಂಚಪ್ರಾಣ. ಬೆಳಗಾಗುವಷ್ಟರಲ್ಲಿ ಕತ್ತು ಎಟುಕುವಷ್ಟನ್ನು ತಿಂದು ಮುಗಿಸಿದ್ದವು. ನಾಟಕದ ಸಾಲು ಹೊಟ್ಟೆಗೆ ಹೋಯಿತು. ಗೋಡೆಯ ಮೇಲೆ ಫೋಟೋ ಮತ್ತು ‘ಕಾಣೆಯಾಗಿದ್ದಾನೆ’ ಮಾತ್ರ ಉಳಿಯಿತು. ಬಸ್ಸಿನಲ್ಲಿ ಹೋಗುತ್ತಿದ್ದ ಅವನ ಸೋದರಮಾವ ಅದನ್ನು ನೋಡಿ ನೆಟ್ಟಗೆ ಊರಿಗೆ ಸುದ್ದಿ ಮುಟ್ಟಿಸಿದರು.

ಭಾನುವಾರ ಮಧ್ಯಾಹ್ನ ಎರಡು ವ್ಯಾನು ಬಂಧುಗಳು ಇಳಿದರು. ಅಜ್ಜಿ ಅಳುತ್ತಾ ಗ್ರೀನ್ ರೂಮಿಗೇ ನುಗ್ಗಿ, ಮೀಸೆ ಅಂಟಿಸಿಕೊಂಡು ನಿಂತಿದ್ದ ದುರ್ಯೋಧನನನ್ನೇ ಕೇಳಿದರು: “ಏನಪ್ಪಾ, ನನ್ನ ಮೊಮ್ಮಗನ್ನ ಎಲ್ಲಾದ್ರೂ ನೋಡಿದ್ಯಾ?”

“ಅಜ್ಜೀ, ನಾನೇ ಕಣಜ್ಜಿ!”

“ಸುಮ್ನಿರಪ್ಪಾ. ನಮ್ಮ ಹುಡುಗಂಗೆ ಇಷ್ಟು ಮೀಸೆ ಎಲ್ಲಿ ಬರ್ಬೇಕು?”

ಮೀಸೆ ಕಿತ್ತು ತೋರಿಸಿದ ಮೇಲೆ ಅಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಬೈದಿದ್ದನ್ನು ಇಲ್ಲಿ ಬರೆಯಲಾಗದು.

ಸಂಜೆ ಹಾಲ್ ಭರ್ತಿ. ಕಲಾವಿದರ ಮನೆಯವರು ಅಂತ ಒಬ್ಬರೂ ಟಿಕೆಟ್ ತಗೊಳ್ಳಲಿಲ್ಲ.