ಆಮೆಯಿಂದ ರೋಗ ಬರೋದಿಲ್ಲವೇ? ಸತ್ಯಾಂಶ

ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸಾಪ್ ಗುಂಪಿನಾಗ ಒಂದು ಸಂದೇಶ ಓಡಾಡ್ತಿದೆ: 'ಮನೆಯಲ್ಲಿ ಆಮೆ ಸಾಕಿದರೆ ಐಶ್ವರ್ಯ ಬರುತ್ತೆ. ಆಮೆ ತಣ್ಣೆತ್ತರದ ಪ್ರಾಣಿ, ನೀರಲ್ಲೇ ಇರುತ್ತೆ, ಅದರಿಂದ ಮನುಷ್ಯರಿಗೆ ಯಾವ ರೋಗವೂ ಬರೋದಿಲ್ಲ.' ಐಶ್ವರ್ಯದ ಮಾತು ನಂಬಿಕೆಗೆ ಬಿಟ್ಟದ್ದು. ರೋಗದ ಮಾತು ಮಾತ್ರ ತಪ್ಪು.

ಅಂಗಡಿಗಳಲ್ಲಿ ಮಾರುವ, ಕಿವಿಯ ಹತ್ತಿರ ಕೆಂಪು ಪಟ್ಟಿಯಿರುವ ಪುಟ್ಟ ಆಮೆ ಅಮೆರಿಕ ಮೂಲದ್ದು. ಇಂಥ ಆಮೆಗಳ ಕರುಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆಮೆ ಮಾತ್ರ ಆರಾಮಾಗೇ ಕಾಣುತ್ತೆ, ಅದೇ ಪೇಚು. ಹಿಕ್ಕೆಯ ಮೂಲಕ ಬ್ಯಾಕ್ಟೀರಿಯಾ ತೊಟ್ಟಿಯ ನೀರಿಗೆ, ಚಿಪ್ಪಿಗೆ, ಅಲ್ಲಿಂದ ಕೈಗೆ ಅಂಟುತ್ತೆ. ಬ್ಯಾಕ್ಟೀರಿಯಾ ಬಿಟ್ಟುಬಿಟ್ಟು ಹೊರಬರುವುದರಿಂದ ಒಮ್ಮೆ ಪರೀಕ್ಷೆ ಮಾಡಿಸಿ ನಿಶ್ಚಿಂತರಾಗುವಂತಿಲ್ಲ. ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಾರೆಂದೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಷೇಧಿಸಿತು.

ಭೇದಿ, ಜ್ವರ, ಹೊಟ್ಟೆನುಲಿತ ಸಾಲ್ಮೊನೆಲ್ಲಾ ಸೋಂಕಿನ ಲಕ್ಷಣಗಳು. 5 ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು.

ಈಗಾಗಲೇ ಸಾಕಿದ್ದರೆ ಗಾಬರಿ ಬೇಡ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೀರಿ, ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಾಗ ತೊಳೀಬ್ಯಾಡ್ರಿ. ಬ್ಯಾಸರಾಯ್ತಂತ ಉಣಕಲ್ ಕೆರೆಗೆ ಬಿಡೋದೂ ಬ್ಯಾಡ. ಅಲ್ಲಿನ ಜೀವಿಗಳ ಆಹಾರಕ್ಕೆ ಅದು ಪೈಪೋಟಿ.